ಹವ್ಯಾಸಿ ಸಿಎನ್‌ಸಿ ಯಂತ್ರದಲ್ಲಿ ಸರ್ಕ್ಯೂಟ್ ಬೋರ್ಡ್ ತಯಾರಿಕೆ

ತಾಮ್ರ ಹೊದಿಸಿದ ನಿರೋಧಕ ಹಲಗೆಯ ಮೇಲಿನ ತಾಮ್ರವನ್ನು ಕಂಪ್ಯೂಟರ್ ನಿಯಂತ್ರಿತ ಸಣ್ಣ ಕೆತ್ತನೆ ಯಂತ್ರದಿಂದ ಗೆರೆಗೆರೆಯಾಗಿ ಕೆರೆದು, ಉಳಿದ ತಾಮ್ರವೇ ವಿದ್ಯುತ್ ಹರಿಯುವ ದಾರಿಯಾಗುವಂತೆ ಮಾಡುವ ವಿಧಾನ. ಬಿಡಿಭಾಗಗಳ ಕಾಲು ತೂರಿಸುವ ತೂತುಗಳನ್ನೂ ಬೋರ್ಡಿನ ಹೊರ ಅಂಚನ್ನೂ ಅದೇ ಯಂತ್ರ ಕೊರೆಯುತ್ತದೆ. ರಾಸಾಯನಿಕ ದ್ರಾವಣ, ಕತ್ತಲೆ ಕೋಣೆ ಯಾವುದೂ ಬೇಡ. ಬೆಳಗ್ಗೆ ಕಂಪ್ಯೂಟರಿನಲ್ಲಿ ಬಿಡಿಸಿದ ಸರ್ಕ್ಯೂಟನ್ನು ಸಂಜೆಯೊಳಗೆ ಬೆಸುಗೆ ಹಾಕಿ ಪರೀಕ್ಷಿಸಬಹುದು. ಹವ್ಯಾಸಿಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹೊಸ ಉಪಕರಣದ ಮೊದಲ ಮಾದರಿ ಮಾಡುವವರು ಇದನ್ನು ಹೆಚ್ಚಾಗಿ ಬಳಸುತ್ತಾರೆ. ಈ ಕೆಲಸದ ಯಶಸ್ಸು ಬಹುಪಾಲು ಒಂದೇ ಅಳತೆಯ ಮೇಲೆ ನಿಂತಿದೆ: ಕೆತ್ತುವ ಮೊನೆ, ಅಂದರೆ ಬಿಟ್, ತಾಮ್ರದೊಳಕ್ಕೆ ಇಳಿಯುವ ಆಳ. ಅದು ಸುಮಾರು 0.1 ಮಿ.ಮೀ.

ಹಿನ್ನೆಲೆ

ಮೊದಮೊದಲ ರೇಡಿಯೊಗಳಲ್ಲಿ ಬಿಡಿಭಾಗಗಳನ್ನು ತಂತಿಯಿಂದ ಒಂದೊಂದಾಗಿ ಜೋಡಿಸುತ್ತಿದ್ದರು. ನಿರೋಧಕ ಹಲಗೆಯ ಮೇಲೆ ವಾಹಕ ದಾರಿಗಳನ್ನು ಮೊದಲೇ ಮೂಡಿಸಿಬಿಡುವ ಯೋಚನೆ 20ನೆಯ ಶತಮಾನದ ಆರಂಭದಿಂದಲೇ ಪೇಟೆಂಟ್‌ಗಳಲ್ಲಿ ಕಾಣುತ್ತದೆ. ಆಸ್ಟ್ರಿಯಾದ ಎಂಜಿನಿಯರ್ ಪಾಲ್ ಐಸ್ಲರ್ 1936ರಲ್ಲಿ ಇಂಗ್ಲೆಂಡಿಗೆ ಬಂದು, ಮುದ್ರಿತ ಸರ್ಕ್ಯೂಟ್ ಬಳಸಿದ ರೇಡಿಯೊ ತಯಾರಿಸಿದ. ತೆಳು ತಾಮ್ರದ ಹಾಳೆಯಲ್ಲಿ ಬೇಡದ ಭಾಗವನ್ನು ರಾಸಾಯನಿಕದಿಂದ ಕರಗಿಸಿ ತೆಗೆಯುವುದು ಅವನ ಮಾರ್ಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ತಂತ್ರ ಸೇನೆಯ ಉಪಕರಣಗಳಿಗೆ ಬಂತು. 1950ರ ದಶಕದಲ್ಲಿ ಅದು ಸಾಮಾನ್ಯ ಬಳಕೆಯ ವಸ್ತುಗಳಿಗೂ ಹರಡಿತು.

ಯಂತ್ರದ ಚಲನೆಯನ್ನು ಅಂಕಿಗಳಿಂದ ನಿಯಂತ್ರಿಸುವ ತಂತ್ರ ಬೇರೆಯೇ ದಾರಿಯಲ್ಲಿ ಬೆಳೆಯಿತು. ಹೆಲಿಕಾಪ್ಟರ್ ರೆಕ್ಕೆಗಳ ಆಕಾರವನ್ನು ನಿಖರವಾಗಿ ಪಡೆಯಬೇಕೆಂಬ ಅಗತ್ಯದಿಂದ ಅಮೆರಿಕದ ಜಾನ್ ಪಾರ್ಸನ್ಸ್ ಇದನ್ನು ಯೋಚಿಸಿದ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಪ್ರಯೋಗಾಲಯ 1952ರಲ್ಲಿ ಅಂಕಿನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಈ ಎರಡು ತಂತ್ರಗಳನ್ನು ಕೂಡಿಸಿ, ಮಾದರಿ ಬೋರ್ಡುಗಳನ್ನು ಕೆತ್ತುವ ಯಂತ್ರಗಳನ್ನು ಮಾರುಕಟ್ಟೆಗೆ ತಂದವರಲ್ಲಿ 1976ರಲ್ಲಿ ಸ್ಥಾಪನೆಯಾದ ಜರ್ಮನಿಯ ಎಲ್‌ಪಿಕೆಎಫ್ ಪ್ರಮುಖವಾದುದು. ಅಂಥ ಯಂತ್ರಗಳು ಸಂಶೋಧನಾಲಯಗಳ ಕೈಗೆಟುಕುವ ಬೆಲೆಯವು, ಮನೆಯ ಮೇಜಿನ ಮೇಲೆ ಬರುವಂಥವಲ್ಲ.

ಮನೆಗೆ ಬರಲು ಕಾರಣವಾದದ್ದು ಅಗ್ಗದ ನಿಯಂತ್ರಕ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೊ ಬೋರ್ಡ್ ಹುಟ್ಟಿತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಅದೇ ಬೋರ್ಡಿನ ಮೇಲೆ ಓಡುವ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ ಬರೆದ. ಮೂರು ಅಕ್ಷಗಳ ಮೋಟಾರುಗಳನ್ನು ಒಟ್ಟಿಗೆ ನಡೆಸುವ ಲೆಕ್ಕವೆಲ್ಲ 32 ಕಿಲೋಬೈಟ್ ಸ್ಮೃತಿಯ ಚಿಪ್ಪಿನೊಳಗೇ ಮುಗಿಯತೊಡಗಿತು. ಇಂದು ಮೇಜಿನ ಮೇಲಿಡುವ ಅಗ್ಗದ ಸಿಎನ್‌ಸಿ ಯಂತ್ರಗಳಲ್ಲಿ ಬಹುಪಾಲು ಈ ತಂತ್ರಾಂಶದಿಂದ ಅಥವಾ ಅದರ ಮುಂದಿನ ಪೀಳಿಗೆಗಳಿಂದ ನಡೆಯುತ್ತವೆ.

ತತ್ತ್ವ

ಬೇಡದ ತಾಮ್ರವನ್ನೆಲ್ಲ ತೆಗೆಯುವುದು ರಾಸಾಯನಿಕ ವಿಧಾನದ ಗುರಿ. ಯಂತ್ರದಲ್ಲಿ ಹಾಗೆ ಮಾಡಹೊರಟರೆ ಗಂಟೆಗಟ್ಟಲೆ ಸಮಯವೂ ಹತ್ತಾರು ಬಿಟ್ಟುಗಳೂ ಹಾಳು. ಆದ್ದರಿಂದ ಕೋಟೆಯ ಸುತ್ತ ಕಂದಕ ತೋಡುವ ಹಾಗೆ, ಪ್ರತಿ ಟ್ರ್ಯಾಕ್ (ವಿದ್ಯುತ್ ಹರಿಯುವ ದಾರಿ) ಮತ್ತು ಪ್ಯಾಡಿನ (ಕಾಲು ಬೆಸೆಯುವ ಜಾಗ) ಸುತ್ತ ಒಂದು ಸಣ್ಣ ಗೆರೆ ಕೊರೆದು ಅದನ್ನು ಅಕ್ಕಪಕ್ಕದ ತಾಮ್ರದಿಂದ ಬೇರ್ಪಡಿಸುತ್ತಾರೆ. ಉಳಿದ ತಾಮ್ರ ಎಲ್ಲಿಗೂ ಸೇರದೆ ಬೋರ್ಡಿನ ಮೇಲೆಯೇ ಇರುತ್ತದೆ.

ಇದಕ್ಕೆ ಬಳಸುವ ಬಿಟ್ ಇಂಗ್ಲಿಷಿನ ವಿ ಅಕ್ಷರದ ಆಕಾರದ್ದು, ತುದಿ ಚೂಪು. ಆಳ ಹೆಚ್ಚಿದಂತೆ ಗೆರೆ ಅಗಲವಾಗುತ್ತದೆ. ಗೆರೆಯ ಅಗಲ ತಿಳಿಯಲು ಬಿಟ್ಟಿನ ಕೋನದ ಅರ್ಧದ ಟ್ಯಾಂಜೆಂಟನ್ನು ಆಳದ ಎರಡರಷ್ಟರಿಂದ ಗುಣಿಸಿ, ತುದಿಯ ಅಗಲವನ್ನು ಕೂಡಿಸಬೇಕು. 0.1 ಮಿ.ಮೀ. ತುದಿಯ, 30 ಡಿಗ್ರಿಯ ಬಿಟ್ 0.1 ಮಿ.ಮೀ. ಇಳಿದರೆ ಗೆರೆಯ ಅಗಲ ಸುಮಾರು 0.15 ಮಿ.ಮೀ. ಅದೇ ಬಿಟ್ ಎಲ್ಲೋ ಒಂದು ಕಡೆ 0.3 ಮಿ.ಮೀ. ಇಳಿದುಬಿಟ್ಟರೆ ಅಗಲ 0.26ಕ್ಕೆ ಏರುತ್ತದೆ. 60 ಡಿಗ್ರಿಯ ಬಿಟ್ಟಾದರೆ 0.45ರ ಹತ್ತಿರ ಹೋಗಿ, ಪಕ್ಕದ ಟ್ರ್ಯಾಕನ್ನೇ ತಿಂದುಹಾಕುತ್ತದೆ. ಸಾಮಾನ್ಯ ಹಲಗೆಯ ತಾಮ್ರದ ದಪ್ಪ 35 ಮೈಕ್ರಾನ್ ಮಾತ್ರ. 0.1 ಮಿ.ಮೀ. ಇಳಿಸುವುದು ತಾಮ್ರವನ್ನು ಖಚಿತವಾಗಿ ದಾಟಲೆಂದೇ ಹೊರತು ಹಲಗೆಯನ್ನು ಕೊರೆಯಲೆಂದಲ್ಲ.

ಯಂತ್ರ

ಹವ್ಯಾಸಿಗಳಲ್ಲಿ ಹೆಚ್ಚು ಪ್ರಚಲಿತವಾದದ್ದು 3018 ಎಂಬ ಮಾದರಿ. ಕೆಲಸದ ಜಾಗ 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ ಇರುವುದರಿಂದ ಈ ಹೆಸರು. 1610, 2418 ಎಂಬ ಚಿಕ್ಕ ಮಾದರಿಗಳೂ ಇವೆ. ಚೀನಾದ ಹಲವು ತಯಾರಕರು ಹೆಚ್ಚುಕಡಿಮೆ ಒಂದೇ ನಕ್ಷೆಯ ಮೇಲೆ ಇವನ್ನು ಕಟ್ಟಿ ಬಿಡಿಭಾಗಗಳಾಗಿ ಕಳಿಸುತ್ತಾರೆ. ಜೋಡಿಸಿಕೊಳ್ಳುವುದು ಕೊಂಡವರ ಕೆಲಸ.

ಯಂತ್ರದಲ್ಲಿ ಅಲ್ಯೂಮಿನಿಯಂ ಚೌಕಟ್ಟು, ಮೂರು ಅಕ್ಷಗಳಿಗೆ ಮೂರು ಸ್ಟೆಪ್ಪರ್ ಮೋಟಾರು, ಅವು ತಿರುಗಿಸುವ ಉದ್ದನೆಯ ಲೀಡ್ ಸ್ಕ್ರೂ, ಬಿಟ್ಟನ್ನು ತಿರುಗಿಸುವ, 24 ವೋಲ್ಟಿನ ಡಿಸಿ ಮೋಟಾರಿನಿಂದಾದ ಸ್ಪಿಂಡಲ್, ಬಿಟ್ ಹಿಡಿಯುವ ಇಆರ್11 ಕಾಲೆಟ್ ಇರುತ್ತವೆ. ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಚಿಪ್ ಒಂದೊಂದು ಹೆಜ್ಜೆಯನ್ನು 8 ಭಾಗ ಮಾಡಿದರೆ ಸುತ್ತಿಗೆ 1600. ಒಂದು ಸುತ್ತಿಗೆ 2 ಮಿ.ಮೀ. ಮುಂದೆ ಸಾಗುವ ಸ್ಕ್ರೂ ಇದ್ದರೆ ಮಿಲಿಮೀಟರಿಗೆ 800 ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ 1.25 ಮೈಕ್ರಾನ್.

ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ನಿಖರತೆ ಮೂರು ಕಡೆ ಸೋರಿಹೋಗುತ್ತದೆ. ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲದಿಂದ ದಿಕ್ಕು ಬದಲಾದಾಗ ಯಂತ್ರ ಸ್ವಲ್ಪ ಹೊತ್ತು ಜಾಗ ಬಿಟ್ಟು ಕದಲುವುದಿಲ್ಲ. ಸ್ಪಿಂಡಲ್ ಮೋಟಾರಿನ ಬೇರಿಂಗಿನಲ್ಲಿ ಅಲುಗಾಟ ಇದ್ದರೆ ಬಿಟ್ಟಿನ ತುದಿ ಒಂದೇ ಬಿಂದುವಿನಲ್ಲಿ ತಿರುಗದೆ ಸಣ್ಣ ವೃತ್ತ ಹೊಡೆಯುತ್ತದೆ. ಆಗ 0.15 ಮಿ.ಮೀ. ಆಗಬೇಕಿದ್ದ ಗೆರೆ 0.25 ಆಗುತ್ತದೆ. ಮೂರನೆಯದು ಚೌಕಟ್ಟಿನ ಬಾಗುವಿಕೆ. ತಾಮ್ರ ಮೆದು ಲೋಹವಾದ್ದರಿಂದ ಇದು ಮೊದಲೆರಡರಷ್ಟು ಕಾಡುವುದಿಲ್ಲ. ಹಳೆ ಕಾಲೆಟ್ ಬದಲಿಸಿ ಒಳ್ಳೆಯದನ್ನು ಹಾಕುವುದು ಬೇರಾವ ಸುಧಾರಣೆಗಿಂತಲೂ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುತ್ತದೆ.

ಹಲಗೆ ಮತ್ತು ಬಿಟ್

ಅಂಗಡಿಯಲ್ಲಿ ಕಾಪರ್ ಕ್ಲ್ಯಾಡ್ ಎಂದು ಕೇಳಿದರೆ ಸಿಗುವ ಹಲಗೆ ಮುಖ್ಯವಾಗಿ ಎರಡು ಬಗೆಯದು. ಎಫ್‌ಆರ್-4 ಎಂಬುದು ಗಾಜಿನ ನಾರಿನ ಬಟ್ಟೆಗೆ ಎಪಾಕ್ಸಿ ಅಂಟು ತುಂಬಿ ಮಾಡಿದ್ದು. ಗಟ್ಟಿ, ಶಾಖಕ್ಕೆ ಜಗ್ಗುವುದಿಲ್ಲ, ಕಾರ್ಖಾನೆಯ ಬೋರ್ಡುಗಳೆಲ್ಲ ಬಹುಪಾಲು ಇದರವೇ. ಎಫ್‌ಆರ್-1, ಎಫ್‌ಆರ್-2 ಎಂಬವು ಕಾಗದಕ್ಕೆ ಫೀನಾಲಿಕ್ ಅಂಟು ತುಂಬಿದ ಕಂದು ಹಲಗೆಗಳು. ಇವು ಬೆಸುಗೆಯ ಶಾಖ ಹೆಚ್ಚಾದರೆ ತಾಮ್ರ ಬಿಟ್ಟುಕೊಡುತ್ತವೆ. ಆದರೂ ಕೆತ್ತನೆಗೆ ಇವೇ ಮೇಲು: ಗಾಜಿನ ನಾರು ಬಿಟ್ಟಿನ ಮೊನೆಯನ್ನು ಬೇಗ ಸವೆಸುತ್ತದೆ, ಅದರ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಸಾಮಾನ್ಯ ದಪ್ಪ 1.6 ಮಿ.ಮೀ.

ಕೆತ್ತುವ ವಿ-ಬಿಟ್ಟುಗಳ ದಂಡ 3.175 ಮಿ.ಮೀ. ವ್ಯಾಸದ್ದು, ಅಂದರೆ ಇಂಚಿನ ಎಂಟನೆಯ ಒಂದು ಭಾಗ. ಕೋನ 10ರಿಂದ 60 ಡಿಗ್ರಿಯವರೆಗೆ ಸಿಗುತ್ತದೆ. ಕೋನ ಚಿಕ್ಕದಿದ್ದಷ್ಟೂ ಆಳದ ವ್ಯತ್ಯಾಸ ಗೆರೆಯ ಅಗಲವನ್ನು ಕಡಿಮೆ ಕೆಡಿಸುತ್ತದೆ. ಆದರೆ 10 ಡಿಗ್ರಿಯ ಮೊನೆ ಹಲಗೆಗೆ ತಗುಲಿದೊಡನೆ ಮುರಿಯಬಹುದು. 20 ಅಥವಾ 30 ಡಿಗ್ರಿ ಹೊಸಬರಿಗೆ ಹೊಂದುತ್ತದೆ. ಚೂಪು ಮೊನೆಯ ಬದಲು 0.4 ಮಿ.ಮೀ.ನ ಸಪಾಟು ಎಂಡ್ ಮಿಲ್ ಬಳಸುವ ಪದ್ಧತಿಯೂ ಇದೆ. ಅದರ ಗೆರೆಯ ಅಗಲ ಆಳದಿಂದ ಬದಲಾಗದು, ಆದರೆ 0.4ಕ್ಕಿಂತ ಕಿರಿದಾದ ಸಂದಿಗೆ ಇಳಿಯದು.

ವಿನ್ಯಾಸದಿಂದ ಜಿ-ಕೋಡ್‌ಗೆ

ಮೊದಲ ಹಂತ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು. ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಕಿಕ್ಯಾಡ್. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜೀನ್-ಪಿಯರ್ ಶಾರಾಸ್ 1992ರಲ್ಲಿ ಇದನ್ನು ಆರಂಭಿಸಿದರು. 2013ರಿಂದ ಯುರೋಪಿನ ಕಣಭೌತವಿಜ್ಞಾನ ಸಂಸ್ಥೆ ಸರ್ನ್ ಇದರ ಬೆಳವಣಿಗೆಗೆ ಕೈಜೋಡಿಸಿತು. ವಿನ್ಯಾಸ ಮುಗಿದ ಮೇಲೆ ತಾಮ್ರದ ಪದರದ ಚಿತ್ರ ಗರ್ಬರ್ ಕಡತವಾಗಿಯೂ, ತೂತುಗಳ ಜಾಗ ಮತ್ತು ವ್ಯಾಸ ಎಕ್ಸೆಲಾನ್ ಕಡತವಾಗಿಯೂ ಹೊರಬರುತ್ತವೆ. ಕಾರ್ಖಾನೆಗೆ ಕಳಿಸುವುದೂ ಇವೇ ಕಡತಗಳನ್ನು.

ಮುಂದಿನದು ಚಿತ್ರವನ್ನು ಯಂತ್ರದ ಚಲನೆಯಾಗಿ ಬದಲಿಸುವ ಹಂತ. ಫ್ಲ್ಯಾಟ್‌ಕ್ಯಾಮ್, ಪಿಸಿಬಿ2ಜಿಕೋಡ್ ಮುಂತಾದ ತಂತ್ರಾಂಶಗಳು ಪ್ರತಿ ತಾಮ್ರದ ಆಕೃತಿಯ ಸುತ್ತ ಬಿಟ್ಟಿನ ಅರ್ಧ ಅಗಲದಷ್ಟು ದೂರದಲ್ಲಿ ಒಂದು ದಾರಿ ಎಳೆಯುತ್ತವೆ. ಬಳಕೆದಾರ ಕೊಡಬೇಕಾದದ್ದು ಗೆರೆಯ ಅಗಲ, ಆಳ, ವೇಗ, ಎಷ್ಟು ಸುತ್ತು ಎಂಬುದು. ಹೊರಬರುವ ಚಲನೆಯ ಆದೇಶಗಳ ಪಟ್ಟಿಯೇ ಜಿ-ಕೋಡ್, ಅದು ಓದಲು ಸರಳ. ಜಿ21 ಎಂದರೆ ಅಳತೆ ಮಿಲಿಮೀಟರಿನಲ್ಲಿ. ಜಿ90 ಎಂದರೆ ಎಲ್ಲ ಅಂಕಿಗಳೂ ಮೂಲಬಿಂದುವಿನಿಂದ. ಎಂ3 ಸ್ಪಿಂಡಲ್ ಚಾಲು, ಎಂ5 ನಿಲುಗಡೆ. ಬಳಿಕ ಹೀಗೆ ಸಾಲುಗಳು ಬರುತ್ತವೆ:

ಜಿ0 ಝಡ್2
ಜಿ0 ಎಕ್ಸ್12.4 ವೈ8.1
ಜಿ1 ಝಡ್-0.1 ಎಫ್50
ಜಿ1 ಎಕ್ಸ್20 ಎಫ್150

ಅಂದರೆ, ಬಿಟ್ಟನ್ನು ಹಲಗೆಯಿಂದ 2 ಮಿ.ಮೀ. ಮೇಲೆತ್ತು, ಈ ಜಾಗಕ್ಕೆ ವೇಗವಾಗಿ ಹೋಗು, ನಿಮಿಷಕ್ಕೆ 50 ಮಿ.ಮೀ. ವೇಗದಲ್ಲಿ 0.1 ಮಿ.ಮೀ. ಕೆಳಗಿಳಿ, ನಿಮಿಷಕ್ಕೆ 150 ಮಿ.ಮೀ. ವೇಗದಲ್ಲಿ ಕೊರೆಯುತ್ತ ಮುಂದಿನ ಬಿಂದುವಿಗೆ ಸಾಗು. ಕೆತ್ತನೆಯ ದಾರಿ ಒಟ್ಟು 3 ಮೀಟರ್ ಇದ್ದರೆ ಈ ವೇಗದಲ್ಲಿ ಒಂದು ಸುತ್ತಿಗೆ 20 ನಿಮಿಷ ಬೇಕು.

ಕಾಲು ತೂರಿಸುವ ಬಿಡಿಭಾಗಗಳ ಬೋರ್ಡಿನಲ್ಲಿ ತಾಮ್ರ ಕೆಳಬದಿಗಿರುತ್ತದೆ, ಯಂತ್ರ ಕೆತ್ತುವಾಗ ಅದೇ ಬದಿ ಮೇಲಿರುತ್ತದೆ. ಆದ್ದರಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಇದನ್ನು ಮರೆತರೆ ಬೋರ್ಡ್ ನೋಡಲು ಚೊಕ್ಕಟವಾಗಿದ್ದರೂ ಐಸಿ ಕೂರುವುದಿಲ್ಲ.

ಮೇಲ್ಮೈಯ ಏರುತಗ್ಗು

ಕಣ್ಣಿಗೆ ಸಪಾಟಾಗಿ ಕಾಣುವ ಹಲಗೆ ಅಳೆದಾಗ ಸಪಾಟಾಗಿರುವುದು ಅಪರೂಪ. ಹಲಗೆಯೇ ಬಾಗಿರಬಹುದು, ಕೆಳಗಿನ ಮೇಜು ಓರೆಯಾಗಿರಬಹುದು, ಮೂಲೆಗಳಲ್ಲಿ ಬಿಗಿದ ಕ್ಲ್ಯಾಂಪಿನಿಂದ ನಡುಭಾಗ ಉಬ್ಬಿರಬಹುದು. 10 ಸೆಂ.ಮೀ. ಉದ್ದದ ಹಲಗೆಯಲ್ಲಿ 0.2 ಮಿ.ಮೀ. ಏರುತಗ್ಗು ಹೊಸದೇನಲ್ಲ. ಕೊರೆಯಬೇಕಾದ ಆಳವೇ 0.1 ಆಗಿರುವಾಗ ಈ ವ್ಯತ್ಯಾಸದಿಂದ ಬಿಟ್ ಒಂದು ಮೂಲೆಯಲ್ಲಿ ಗಾಳಿಯಲ್ಲೇ ತಿರುಗುತ್ತದೆ, ಇನ್ನೊಂದು ಮೂಲೆಯಲ್ಲಿ ಹಲಗೆಯೊಳಕ್ಕೆ ಹೂತು ಟ್ರ್ಯಾಕನ್ನು ಸಣ್ಣದಾಗಿಸುತ್ತದೆ.

ಪರಿಹಾರ ಹಲಗೆಯ ಎತ್ತರವನ್ನು ಮೊದಲೇ ಅಳೆದುಕೊಳ್ಳುವುದು. ಯಂತ್ರದ ನಿಯಂತ್ರಕದಿಂದ ಬರುವ ಎರಡು ತಂತಿಗಳಲ್ಲಿ ಒಂದನ್ನು ಮೊಸಳೆ ಕ್ಲಿಪ್ಪಿನಿಂದ ಬಿಟ್ಟಿಗೂ ಇನ್ನೊಂದನ್ನು ತಾಮ್ರಕ್ಕೂ ಸಿಕ್ಕಿಸುತ್ತಾರೆ. ಜಿ38.2 ಎಂಬ ಆದೇಶ ಬಂದಾಗ ಬಿಟ್ ನಿಧಾನವಾಗಿ ಇಳಿಯುತ್ತದೆ. ತಾಮ್ರಕ್ಕೆ ತಗುಲಿದ ಕ್ಷಣ ಸರ್ಕ್ಯೂಟ್ ಕೂಡಿಕೊಂಡು ಯಂತ್ರ ನಿಲ್ಲುತ್ತದೆ, ಆ ಎತ್ತರ ದಾಖಲಾಗುತ್ತದೆ. ಅಳೆಯಲು ಬಳಸುವುದು ಹಲಗೆಯ ತಾಮ್ರವನ್ನೇ ಆದ್ದರಿಂದ ಬೇರೆ ಸಂವೇದಕ ಬೇಕಿಲ್ಲ.

100 ಮಿ.ಮೀ. ಉದ್ದ, 80 ಮಿ.ಮೀ. ಅಗಲದ ಹಲಗೆಯನ್ನು 10 ಮಿ.ಮೀ.ಗೊಂದರಂತೆ ಮುಟ್ಟಿದರೆ 99 ಬಿಂದುಗಳ ಎತ್ತರ ಸಿಗುತ್ತದೆ. ಕ್ಯಾಂಡಲ್, ಬಿಸಿಎನ್‌ಸಿ ಮುಂತಾದ ತಂತ್ರಾಂಶಗಳು ನಾಲ್ಕು ಬಿಂದುಗಳ ನಡುವಿನ ಜಾಗದ ಎತ್ತರವನ್ನು ಲೆಕ್ಕ ಹಾಕಿ ಜಿ-ಕೋಡಿನ ಪ್ರತಿ ಚಲನೆಯಲ್ಲೂ ಝಡ್ ಅಂಕಿಯನ್ನು ತಿದ್ದುತ್ತವೆ. ಹಲಗೆಯನ್ನು ಕದಲಿಸದಿರುವವರೆಗೆ ಈ ನಕ್ಷೆ ಊರ್ಜಿತ. ಬಿಟ್ ಬದಲಿಸಿದರೆ ನಕ್ಷೆ ಮತ್ತೆ ಬೇಡ, ಮೊದಲು ಸೊನ್ನೆ ಹಿಡಿದ ಅದೇ ಬಿಂದುವಿನಲ್ಲಿ ಹೊಸ ಬಿಟ್ಟಿನ ಸೊನ್ನೆ ಹಿಡಿದರೆ ಸಾಕು. ಕೆತ್ತನೆ ಶುರುವಾಗುವ ಮುನ್ನ ಕ್ಲಿಪ್ ತೆಗೆಯುವುದನ್ನು ಮರೆಯಬಾರದು. ತಿರುಗುವ ಬಿಟ್ ತಂತಿಯನ್ನು ಸುತ್ತಿಕೊಳ್ಳುತ್ತದೆ. ಮನೆಯಲ್ಲಿ ಕೆತ್ತಿದ ಬೋರ್ಡುಗಳ ಗುಣಮಟ್ಟವನ್ನು ಈ ಒಂದು ಉಪಾಯ ಹೆಚ್ಚಿಸಿದಷ್ಟು ದುಬಾರಿ ಯಂತ್ರವೂ ಹೆಚ್ಚಿಸಿಲ್ಲ.

ಕೆತ್ತನೆ, ತೂತು, ಕತ್ತರಿಕೆ

ಹಲಗೆಯ ಕೆಳಗೆ ಎಂಡಿಎಫ್ ಮರದ ಹಾಸು ಇಟ್ಟು, ಎರಡು ಬದಿ ಅಂಟಿರುವ ಟೇಪಿನಿಂದ ಹಲಗೆಯನ್ನು ಪೂರ್ತಿಯಾಗಿ ಅಂಟಿಸುವುದು ವಾಡಿಕೆ. ಕೆಲಸದ ಕ್ರಮ ಮೂರು ಹಂತದ್ದು: ಮೊದಲು ಕೆತ್ತನೆ, ಆಮೇಲೆ ತೂತು, ಕೊನೆಗೆ ಅಂಚು. ಅಂಚನ್ನು ಮೊದಲೇ ಕತ್ತರಿಸಿದರೆ ಹಲಗೆಯ ಹಿಡಿತ ತಪ್ಪುತ್ತದೆ.

ರೆಸಿಸ್ಟರ್, ಐಸಿ ಕಾಲುಗಳಿಗೆ 0.8 ಮಿ.ಮೀ., ಹೆಡರ್ ಪಿನ್‌ಗಳಿಗೆ 1 ಮಿ.ಮೀ. ತೂತು ಸಾಮಾನ್ಯ. ಒಂದೊಂದು ವ್ಯಾಸಕ್ಕೂ ಡ್ರಿಲ್ ಬದಲಿಸಬೇಕಾದ್ದರಿಂದ, ಚಿಕ್ಕಪುಟ್ಟ ವ್ಯತ್ಯಾಸಗಳನ್ನು ಬಿಟ್ಟು ಎರಡೇ ಅಳತೆಗಳಿಗೆ ವಿನ್ಯಾಸ ಹೊಂದಿಸಿಕೊಳ್ಳುವುದು ಜಾಣತನ. ಕಾರ್ಬೈಡ್ ಡ್ರಿಲ್ ತುಂಬಾ ಗಟ್ಟಿ, ಅಷ್ಟೇ ಪೆಡಸು. ಅಡ್ಡಕ್ಕೆ ಸ್ವಲ್ಪ ಒತ್ತಿದರೂ ಲಟಕ್ಕನೆ ಮುರಿಯುತ್ತದೆ. ಹೊರ ಅಂಚನ್ನು 1 ಮಿ.ಮೀ. ಆಸುಪಾಸಿನ ಎಂಡ್ ಮಿಲ್ಲಿನಿಂದ ಒಂದು ಸಲಕ್ಕೆ 0.4 ಮಿ.ಮೀ. ಆಳದಂತೆ ನಾಲ್ಕೈದು ಸುತ್ತಿನಲ್ಲಿ ಕತ್ತರಿಸುತ್ತಾರೆ. ನಾಲ್ಕು ಕಡೆ ಸಣ್ಣ ಸೇತುವೆ ಉಳಿಸಿದರೆ ಬೋರ್ಡ್ ಕೊನೆಯ ಸುತ್ತಿನಲ್ಲಿ ಹಾರುವುದಿಲ್ಲ.

ಕೆತ್ತಿದ ಅಂಚಿನಲ್ಲಿ ತಾಮ್ರದ ಸೀಳುಗಳು ಎದ್ದಿರುತ್ತವೆ. ಪಾತ್ರೆ ಉಜ್ಜುವ ನಾರು ಅಥವಾ ತೀರ ನಯವಾದ ಉಜ್ಜುಕಾಗದದಿಂದ ಉಜ್ಜಿ, ಬ್ರಷ್‌ನಿಂದ ಗೆರೆಗಳ ಧೂಳು ತೆಗೆದು, ಮಲ್ಟಿಮೀಟರಿನಿಂದ ಪಕ್ಕಪಕ್ಕದ ಟ್ರ್ಯಾಕುಗಳು ಕೂಡಿಕೊಂಡಿವೆಯೇ ಎಂದು ನೋಡಬೇಕು. ಗೆರೆಯಲ್ಲಿ ಸಿಕ್ಕಿಕೊಂಡ ಕೂದಲೆಳೆಯಷ್ಟು ತಾಮ್ರ ಇಡೀ ಸರ್ಕ್ಯೂಟನ್ನು ಕೆಡಿಸಬಲ್ಲದು. ತಾಮ್ರ ಕಪ್ಪಾಗದಂತೆ ಸ್ಪಿರಿಟ್‌ನಲ್ಲಿ ಕರಗಿಸಿದ ರಾಳ ಬಳಿಯುವುದುಂಟು. ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಹಸಿರು ಸೋಲ್ಡರ್ ಮಾಸ್ಕ್ ಹಚ್ಚಿದರೆ ಕಾರ್ಖಾನೆಯ ಬೋರ್ಡಿನ ರೂಪವೂ ಬರುತ್ತದೆ.

ಎರಡು ಬದಿಯ ಬೋರ್ಡಿನಲ್ಲಿ ಹಲಗೆಯನ್ನು ಮಗುಚಿದಾಗ ಎರಡೂ ಚಿತ್ರಗಳು ಹೊಂದಬೇಕು. ಇದಕ್ಕಾಗಿ ಹಲಗೆಯಲ್ಲಿ, ಬೋರ್ಡಿನ ಅಂಚಿನಿಂದ ಹೊರಗೆ, ಕನಿಷ್ಠ ಎರಡು ತೂತುಗಳನ್ನು ಕೆಳಗಿನ ಹಾಸಿನವರೆಗೂ ಕೊರೆದು, ಪಿನ್ ತೂರಿಸಿ, ಮಗುಚಿದ ಹಲಗೆಯನ್ನು ಅದೇ ಪಿನ್ನುಗಳಿಗೆ ಕೂರಿಸುತ್ತಾರೆ. ಕಾರ್ಖಾನೆಯಲ್ಲಿ ತೂತಿನ ಒಳಗೋಡೆಗೆ ತಾಮ್ರ ಲೇಪಿಸಿ ಎರಡು ಬದಿಗಳನ್ನು ಕೂಡಿಸುತ್ತಾರೆ. ಮನೆಯಲ್ಲಿ ಆ ಸೌಲಭ್ಯವಿಲ್ಲ. ತೂತಿನಲ್ಲಿ ತುಂಡು ತಂತಿ ತೂರಿಸಿ ಎರಡೂ ಕಡೆ ಬೆಸುಗೆ ಹಾಕುತ್ತಾರೆ, ಇಲ್ಲವೇ ಸಣ್ಣ ತಾಮ್ರದ ರಿವೆಟ್ ಬಳಸುತ್ತಾರೆ.

ಮಿತಿಗಳು

ಎರಡು ಸಾಲು ಕಾಲುಗಳಿರುವ ಸಾಮಾನ್ಯ ಡಿಪ್ ಐಸಿಯ ಕಾಲುಗಳ ನಡುವಿನ ಅಂತರ 2.54 ಮಿ.ಮೀ. ಪ್ಯಾಡಿನ ವ್ಯಾಸ 1.6 ಇದ್ದರೆ ನಡುವೆ ಉಳಿಯುವ ಜಾಗ 0.94. ಅದರಲ್ಲಿ 0.3 ಮಿ.ಮೀ. ಟ್ರ್ಯಾಕ್ ಒಂದನ್ನು ಹಾಯಿಸಿದರೂ ಎರಡು ಕಡೆ 0.32ರಂತೆ ಉಳಿಯುತ್ತದೆ, 0.2 ಮಿ.ಮೀ. ಗೆರೆಗೆ ಇದು ಸಾಕಷ್ಟಾಯಿತು. ಕಾಲುಗಳ ಅಂತರ 1.27 ಇರುವ ಮೇಲ್ಮೈ ಚಿಪ್ಪುಗಳು ಸುಲಭ, 0.8 ಇರುವವು ಎಚ್ಚರದಿಂದ ಸಾಧ್ಯ. 0.5ಕ್ಕೆ ಇಳಿದರೆ 3018 ಯಂತ್ರದಲ್ಲಿ ಸರಿಯಾಗಿ ಬಂದದ್ದಕ್ಕಿಂತ ಕೆಟ್ಟದ್ದೇ ಹೆಚ್ಚಾಗುತ್ತದೆ. ನಾಲ್ಕು ಪದರದ ಬೋರ್ಡ್ ಈ ವಿಧಾನಕ್ಕೆ ದಕ್ಕದು.

230 ವೋಲ್ಟಿನ ಮನೆ ವಿದ್ಯುತ್ ಹರಿಯುವ ಬೋರ್ಡಿಗೆ ಕೂದಲೆಳೆಯಂಥ ಗೆರೆಯ ಬೇರ್ಪಡೆ ಅಪಾಯಕಾರಿ. ನಡುವೆ ಉಳಿದ ತಾಮ್ರವನ್ನೂ ಪೂರ್ತಿ ತೆಗೆದು ಹಲವು ಮಿಲಿಮೀಟರ್ ಅಂತರ ಬಿಡಬೇಕು. ಹೆಚ್ಚಿನ ಆವೃತ್ತಿಯ ರೇಡಿಯೊ ಸರ್ಕ್ಯೂಟುಗಳಲ್ಲಿ ಎಲ್ಲಿಗೂ ಸೇರದೆ ಉಳಿದ ತಾಮ್ರ ಧಾರಕದಂತೆ ವರ್ತಿಸಿ ತೊಂದರೆ ಕೊಡಬಹುದು. ಆ ತಾಮ್ರವನ್ನು ಗ್ರೌಂಡಿಗೆ ಸೇರಿಸುವುದು ರೂಢಿ.

ಸುರಕ್ಷತೆ

ಗಾಜಿನ ನಾರಿನ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಚರ್ಮ ತುರಿಸುತ್ತದೆ, ಉಸಿರಿನೊಂದಿಗೆ ಒಳಹೋದರೆ ಹಾನಿ. ಬಿಟ್ಟಿನ ಪಕ್ಕದಲ್ಲೇ ವ್ಯಾಕ್ಯೂಮ್ ಕ್ಲೀನರ್ ಕೊಳವೆ ಇರಬೇಕು, ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಇರಬೇಕು. ಬಾಯಿಂದ ಊದುವುದಾಗಲಿ ಅಡುಗೆಮನೆಯಲ್ಲಿ ಯಂತ್ರ ಇಡುವುದಾಗಲಿ ಸಲ್ಲದು. ಮುರಿದ ಬಿಟ್ ಸಿಡಿಯುವುದರಿಂದ ಕನ್ನಡಕ ಕಡ್ಡಾಯ. ಸ್ಪಿಂಡಲ್ ತಿರುಗುವಾಗ ಕೈಗವಸು, ಸಡಿಲ ತೋಳು, ದುಪಟ್ಟಾ ಹತ್ತಿರ ಬರಬಾರದು.

ಇತರ ವಿಧಾನಗಳೊಂದಿಗೆ ಹೋಲಿಕೆ

ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿದ ಚಿತ್ರವನ್ನು ಇಸ್ತ್ರಿಪೆಟ್ಟಿಗೆಯಿಂದ ತಾಮ್ರಕ್ಕೆ ಇಳಿಸಿ, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುವುದು ಹಳೆಯ ಮನೆವಿಧಾನ. ಖರ್ಚು ತೀರ ಕಡಿಮೆ, ಯಂತ್ರ ಬೇಡ. ಆದರೆ ದ್ರಾವಣ ಬಟ್ಟೆ, ನೆಲ, ಬೆರಳುಗಳಿಗೆ ಹೋಗದ ಕಲೆ ಹಿಡಿಸುತ್ತದೆ. ತಾಮ್ರ ಕರಗಿದ ಮೇಲೆ ಅದನ್ನು ಚರಂಡಿಗೆ ಸುರಿಯುವಂತಿಲ್ಲ. ತೂತುಗಳನ್ನು ಕೈಯಿಂದಲೇ ಕೊರೆಯಬೇಕು. ಫೋಟೊ ಲೇಪನದ ವಿಧಾನದಲ್ಲಿ ಸಿಎನ್‌ಸಿಗಿಂತಲೂ ಸೂಕ್ಷ್ಮವಾದ ಗೆರೆಗಳು ಬರುತ್ತವೆ, ರಾಸಾಯನಿಕದ ತಾಪತ್ರಯ ಮಾತ್ರ ಹಾಗೆಯೇ ಇದೆ.

ಕಾರ್ಖಾನೆಯಲ್ಲಿ ಮಾಡಿಸುವುದು ಮೂರನೆಯ ದಾರಿ. ಚೀನಾದ ಕಂಪನಿಗಳು ಅಂಗೈಯಗಲದ ಎರಡು ಬದಿಯ ಬೋರ್ಡುಗಳನ್ನು ಐದರ ಕಟ್ಟಾಗಿ ಕೆಲವೇ ಡಾಲರಿಗೆ ಮಾಡಿಕೊಡುತ್ತವೆ. ಲೇಪಿತ ತೂತು, ಸೋಲ್ಡರ್ ಮಾಸ್ಕ್, ಅಕ್ಷರ ಮುದ್ರಣ ಎಲ್ಲ ಅದರಲ್ಲೇ. ಸಾಗಣೆ, ಕಸ್ಟಮ್ಸ್ ಸೇರಿ ಖರ್ಚು ಏರುತ್ತದೆ, ಕೈಸೇರಲು ದಿನಗಳು ಹಿಡಿಯುತ್ತವೆ.

ಪ್ರಸಾರ

ಕೆತ್ತಿದ ಬೋರ್ಡಿಗೆ ಪಾಠಶಾಲೆಯ ಮನ್ನಣೆ ತಂದುಕೊಟ್ಟದ್ದು ಫ್ಯಾಬ್ ಲ್ಯಾಬ್ ಎಂಬ ಸಾರ್ವಜನಿಕ ಕಾರ್ಯಾಗಾರಗಳ ಚಳವಳಿ. ಎಂಐಟಿಯ ನೀಲ್ ಗರ್ಶನ್‌ಫೆಲ್ಡ್ 1998ರಲ್ಲಿ ಆರಂಭಿಸಿದ, ಬಹುತೇಕ ಏನನ್ನಾದರೂ ತಯಾರಿಸುವುದು ಹೇಗೆಂದು ಕಲಿಸುವ ತರಗತಿಯಿಂದ ಇದು ಬೆಳೆಯಿತು. ಎಂಐಟಿಯ ಹೊರಗೆ ಮೊದಮೊದಲು ಹುಟ್ಟಿಕೊಂಡ ಲ್ಯಾಬುಗಳಲ್ಲಿ ಪುಣೆ ಬಳಿಯ ಪಾಬಳ ಗ್ರಾಮದ ವಿಜ್ಞಾನ ಆಶ್ರಮದ್ದೂ ಒಂದು. ಅದು ಬಂದದ್ದು 2002ರಲ್ಲಿ. ಈ ಲ್ಯಾಬುಗಳಲ್ಲಿ ರೋಲಂಡ್ ಕಂಪನಿಯ ಚಿಕ್ಕ ಮಿಲ್ಲಿಂಗ್ ಯಂತ್ರ, 0.4 ಮಿ.ಮೀ. ಎಂಡ್ ಮಿಲ್, ಎಫ್‌ಆರ್-1 ಹಲಗೆ ಬಳಸುವುದು ಸಂಪ್ರದಾಯವಾಯಿತು. ಈ ಲ್ಯಾಬುಗಳಲ್ಲಿ ನಡೆಯುವ ಫ್ಯಾಬ್ ಅಕಾಡೆಮಿ ತರಬೇತಿಯ ವಿದ್ಯಾರ್ಥಿಗಳು ಹಲವು ವರ್ಷ ಚಿಪ್ಪಿಗೆ ಪ್ರೋಗ್ರಾಂ ತುಂಬುವ ಉಪಕರಣವನ್ನೇ ಮೊದಲು ಕೆತ್ತಿ, ಆಮೇಲೆ ಅದರಿಂದ ಮುಂದಿನ ಬೋರ್ಡುಗಳಿಗೆ ಜೀವ ಕೊಡುತ್ತಿದ್ದರು.

ಕರ್ನಾಟಕದಲ್ಲಿ ಬೋರ್ಡ್ ತಯಾರಿಕೆಯ ಎರಡು ತುದಿಗಳೂ ಕಾಣಸಿಗುತ್ತವೆ. ಮೈಸೂರು ಜಿಲ್ಲೆಯ ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕಾಪರ್ ಕ್ಲ್ಯಾಡ್ ಹಲಗೆ, ಡ್ರಿಲ್, ಬೆಸುಗೆ ಸಾಮಾನು ಬಿಡಿಯಾಗಿ ಸಿಗುತ್ತವೆ. ಮನೆಯಲ್ಲಿ ಬೋರ್ಡ್ ಮಾಡುವವರು ಮೊದಲು ಹುಡುಕಿಕೊಂಡು ಹೋಗುವುದು ಅಲ್ಲಿಗೇ.

ಹತ್ತಕ್ಕಿಂತ ಹೆಚ್ಚು ಬೋರ್ಡ್ ಬೇಕಾದಾಗ, ಸೂಕ್ಷ್ಮ ಚಿಪ್ ಇರುವಾಗ, ಮಾರಾಟದ ವಸ್ತು ಮಾಡುವಾಗ ಕಾರ್ಖಾನೆಯೇ ಸರಿ. ವಿನ್ಯಾಸದ ತಪ್ಪು ಇಂದೇ ಗೊತ್ತಾಗಿ, ಇಂದೇ ತಿದ್ದಿ, ಇಂದೇ ಮತ್ತೊಂದು ಬೋರ್ಡ್ ಕೈಗೆ ಬರಬೇಕಾದಾಗ ಮೇಜಿನ ಮೇಲಿನ ಸಿಎನ್‌ಸಿ ಯಂತ್ರಕ್ಕೆ ಸಾಟಿಯಿಲ್ಲ.